ನೂರ ಹದಿನೈದು ರೂಪಾಯಿಯ ತಕ್ಕಡಿ, ಅದರಲ್ಲಿ ಮೂವತ್ತು ದಂಡ

ನಮ್ಮದು ತಿಪಟೂರು ಕಡೆಯ ಸಣ್ಣ ಶಾಲೆ. ಒಂದರಿಂದ ಐದನೇ ತರಗತಿವರೆಗೆ ಇಪ್ಪತ್ಮೂರು ಮಕ್ಕಳು, ಇಬ್ಬರು ಶಿಕ್ಷಕರು. ಒಂದರಿಂದ ಮೂರರವರೆಗಿನ ನಲಿ-ಕಲಿ ಕೋಣೆ ಇನ್ನೊಬ್ಬರದು. ನಾಲ್ಕು, ಐದು ಎರಡೂ ಸೇರಿ ಹನ್ನೊಂದು ಮಕ್ಕಳು ನನ್ನ ಪಾಲಿಗೆ.

ತೂಕದ ಪಾಠ ಶುರು ಮಾಡುವಾಗ ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಒಂದು ಕೆಜಿ ಅಂದ್ರೆ ಎಷ್ಟು?" ಎಲ್ಲರೂ ಒಟ್ಟಿಗೆ "ಸಾವಿರ ಗ್ರಾಂ ಮಿಸ್" ಅಂದರು. ಸರಿ, ನೂರು ಗ್ರಾಂ ಆಗುವಷ್ಟು ಏನಾದ್ರೂ ತಂದು ಕೊಡಿ ಅಂದೆ. ಒಬ್ಬ ಸೀಮೆಸುಣ್ಣದ ಒಂದು ತುಂಡು ತಂದ. ಇನ್ನೊಬ್ಬಳು ಎರಡು ಕೈಯಲ್ಲಿ ಎತ್ತಿಕೊಂಡು ಬಂದಿದ್ದು ಬಾಗಿಲಿಗೆ ಅಡ್ಡ ಇಡುವ ಕಲ್ಲು.

ತಪ್ಪು ಮಕ್ಕಳದಲ್ಲ. ಈಗ ಎಲ್ಲ ಅಂಗಡಿಯಲ್ಲೂ ಕೆಂಪು ಅಂಕಿ ತೋರಿಸುವ ತಕ್ಕಡಿ. ತೂಕ ಅಂದರೆ ಅವರಿಗೆ ಓದುವ ಅಂಕಿ ಅಷ್ಟೇ. ಎರಡು ತಟ್ಟೆಯ ತಕ್ಕಡಿಯನ್ನು ಕೈಯಲ್ಲಿ ಹಿಡಿದವರು ಹನ್ನೊಂದರಲ್ಲಿ ಒಬ್ಬನೇ. ಅವನಪ್ಪ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾರೆ.

ತಕ್ಕಡಿ ಮಾಡೋಣ ಅಂತ ಹೊರಟೆ. ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಒಂದು ತಿಂಗಳು ಹಿಡಿಯಿತು. ಇದು ಅದರ ದಿನಚರಿ. ತಿಂಗಳೆಲ್ಲ 2025ರವು.

ಜೂನ್ 17: ಅಡಿ ಸ್ಕೇಲು, ತೆಂಗಿನ ಚಿಪ್ಪು

ತೆಂಗಿನ ಸೀಮೆಯಲ್ಲಿ ಚಿಪ್ಪಿಗೆ ಬರವೇ? ಅಡುಗೆ ಅಕ್ಕ ಎರಡು ಒಳ್ಳೆ ಚಿಪ್ಪು ಎತ್ತಿಟ್ಟಿದ್ದರು. ಕೋಲಿಗೆ ತರಗತಿಯ ಮರದ ಅಡಿ ಸ್ಕೇಲು. ಕಟ್ಟುವುದಕ್ಕೆ ಸೆಣಬಿನ ಹುರಿ, 20 ರೂಪಾಯಿ.

ಚಿಪ್ಪಿಗೆ ತೂತು ಕೊರೆಯಲು ಕಾಯಿಸಿದ ಮೊಳೆ ಸಾಲಲಿಲ್ಲ. ಹೊಗೆ ಬಂತು, ತೂತು ಬರಲಿಲ್ಲ. ಹುರಿಯನ್ನೇ ಹೊರಗಿನಿಂದ ಅಂಟಿಸೋಣ ಅಂತ ಐದು ರೂಪಾಯಿಯ ಎರಡು ಫೆವಿಕ್ವಿಕ್ ಖಾಲಿ ಮಾಡಿದೆ. ಅಂಟಿಕೊಂಡಿದ್ದು ನನ್ನ ಬೆರಳು. ಕೊನೆಗೆ ಚಿಪ್ಪಿನ ಕೆಳಗೆ ಹುರಿ ಹೆಣೆದು ನೆಲುವಿನ ಹಾಗೆ ತೂಗುಹಾಕಿದೆವು. ಹುರಿಯನ್ನು ಸ್ಕೇಲಿನ ಎರಡು ತುದಿಯಲ್ಲಿ, ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಕಟ್ಟಿದೆ. ನಡುವಿನ ಹುರಿ 15ನೇ ಸೆಂಟಿಮೀಟರ್ ಗೆರೆಗೆ.

ಎತ್ತಿ ಹಿಡಿದರೆ ಎಡಕ್ಕೆ ವಾಲಿತು. ಎರಡು ಚಿಪ್ಪು ನೋಡುವುದಕ್ಕೆ ಒಂದೇ ಥರ ಇದ್ದವು, ತೂಕ ಒಂದೇ ಇರಲಿಲ್ಲ. ನಾನು ನಡುವಿನ ಹುರಿಯನ್ನು ಎಡಕ್ಕೆ ಸರಿಸುತ್ತಾ ಹೋದೆ. 14ರ ಗೆರೆಗೆ ಬಂದಾಗ ಕೋಲು ನೆಟ್ಟಗೆ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ, ಆ ದಿನ ಗೊತ್ತಾಗಲಿಲ್ಲ.

ಜೂನ್ 18: ಸಿಕ್ಕಿಬಿದ್ದೆ

ಡಸ್ಟರ್ ಎಷ್ಟು ಹುಣಸೆ ಬೀಜದ ತೂಕ? ಒಂದು ಚಿಪ್ಪಿನಲ್ಲಿ ಡಸ್ಟರ್, ಇನ್ನೊಂದರಲ್ಲಿ ಬೀಜ ಹಾಕುತ್ತಾ ಎಣಿಸಿದರು. 80 ಬೀಜ. ಬೋರ್ಡಿನ ಮೇಲೆ ಬರೆದೆ.

ಮೆಣಸಿನಕಾಯಿ ಮನೆಯ ಹುಡುಗ ಕೈ ಎತ್ತಿದ. "ಮಿಸ್, ತಟ್ಟೆ ಅದ್ಲು ಬದ್ಲು ಮಾಡಿ ನೋಡಣ?"

ಯಾಕೋ ಅಂದೆ. "ನಮ್ಮಪ್ಪ ತಕ್ಕಡಿ ತಗಳುವಾಗ ಹಂಗೇ ನೋಡದು."

ಡಸ್ಟರನ್ನು ಆ ಕಡೆ, ಬೀಜವನ್ನು ಈ ಕಡೆ ಹಾಕಿದೆವು. ಕೋಲು ಧಡ್ ಅಂತ ಬೀಜದ ಕಡೆ ಇಳಿಯಿತು. ಬೀಜ ತೆಗೆಯುತ್ತಾ ಹೋದೆವು. ಸಮ ಆದಾಗ ಉಳಿದಿದ್ದು 61.

ಅದೇ ಡಸ್ಟರ್, ಅದೇ ಬೀಜ, ಅದೇ ತಕ್ಕಡಿ. ಒಂದು ಸಲ 80, ಇನ್ನೊಂದು ಸಲ 61.

"ಮೋಸದ ತಕ್ಕಡಿ ಮಿಸ್ ಇದು" ಅಂದ. ಮಾತಿನಲ್ಲಿ ತಮಾಷೆ ಇರಲಿಲ್ಲ. ಹನ್ನೊಂದು ಜನವೂ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಚಿಪ್ಪಿನ ತೂಕದ ತಪ್ಪನ್ನು ಮುಚ್ಚಲು ಹೋಗಿ ಕೋಲಿನ ಒಂದು ತೋಳನ್ನು ಹದಿಮೂರೂವರೆ, ಇನ್ನೊಂದನ್ನು ಹದಿನೈದೂವರೆ ಸೆಂಟಿಮೀಟರ್ ಮಾಡಿಟ್ಟಿದ್ದೆ. ಖಾಲಿ ಇದ್ದಾಗ ಸಮ, ಸಾಮಾನು ಹಾಕಿದರೆ ಸುಳ್ಳು. ಅಡಿ ಸ್ಕೇಲಿನ ಮೇಲೆ ಅಂಕಿಗಳೇ ಇದ್ದವು, ಮಕ್ಕಳೇ ಲೆಕ್ಕ ಹಾಕಿ ಹೇಳಿದರು. ಅವತ್ತಿನ ಪಾಠ ಅಷ್ಟಕ್ಕೇ ನಿಂತಿತು. ಗಂಟೆ ಹೊಡೆದರೂ ಯಾರೂ ಎದ್ದಿರಲಿಲ್ಲ ಅನ್ನುವುದನ್ನೂ ಬರೆದಿಡಬೇಕು.

ಆ ತಕ್ಕಡಿಯನ್ನು ಬಿಚ್ಚಲಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಜೂನ್ 21: ಮೂರು ತೂತು

ಊರಿನ ಮರಗೆಲಸದ ಆಚಾರ್ರ ಹತ್ತಿರ ಸಿಲ್ವರ್ ಓಕ್ ಪಟ್ಟಿ ಕೇಳಿದೆ. ಉದ್ದ 50 ಸೆಂಟಿಮೀಟರ್, ಅಗಲ 3, ದಪ್ಪ 8 ಮಿಲಿಮೀಟರ್. ಕಾಸು ತೆಗೆದುಕೊಳ್ಳಲಿಲ್ಲ. ಉಪ್ಪುಕಾಗದ ಹಾಕಿ ಉಜ್ಜಿದ್ದು ಮಕ್ಕಳು. ಬೈರಿಗೆಯನ್ನೂ ಆಚಾರ್ರೇ ಎರಡು ದಿನಕ್ಕೆ ಕೊಟ್ಟರು.

ಈ ಸಲ ನಡು ಎಲ್ಲಿದೆ ಅಂತ ಸ್ಕೇಲಿನಲ್ಲಿ ಹುಡುಕಲಿಲ್ಲ. ಪಟ್ಟಿಯಷ್ಟೇ ಉದ್ದದ ಕಾಗದ ಕತ್ತರಿಸಿ ಮಡಚಿದೆವು. ಮಡಿಕೆ ಬಿದ್ದ ಕಡೆ ನಡು. ತುದಿಯ ತೂತುಗಳು ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ. ಅಂದರೆ ಒಂದೊಂದು ತೋಳು 23.5.

ಮೂರು ತೂತನ್ನೂ ಒಂದೇ ಗೆರೆಯ ಮೇಲೆ ಕೊರೆದೆ. ನಡುವಿನದು ಬೈರಿಗೆ ಜಾರಿ ಕೂದಲೆಳೆಯಷ್ಟು ಕೆಳಗೆ ಬಂತು. ಇರಲಿ ಬಿಡು ಅಂದುಕೊಂಡೆ.

ತೂಗುಹಾಕಿದರೆ ಪಟ್ಟಿ ಎಡಕ್ಕೆ ಬಿದ್ದು ಅಲ್ಲೇ ಕೂತಿತು. ಎತ್ತಿ ಬಲಕ್ಕೆ ತಂದರೆ ಬಲಕ್ಕೆ ಬಿದ್ದು ಅಲ್ಲೇ ಕೂತಿತು. ನಡುವೆ ನಿಲ್ಲುವ ಮಾತೇ ಇಲ್ಲ. ಅಡುಗೆ ಅಕ್ಕ ತರಕಾರಿ ಹೆಚ್ಚುತ್ತಾ ನೋಡುತ್ತಿದ್ದರು. "ಇದೇನ್ ಮಿಸ್, ಕುಡುದವ್ರಂಗೆ ಬೀಳ್ತೈತೆ."

ಹೊಸ ತೂತು ಮೇಲಕ್ಕೆ ಕೊರೆದೆ. ಭಯದಲ್ಲಿ ಜಾಸ್ತಿಯೇ ಮೇಲೆ ಹೋಯಿತು, ಗೆರೆಯಿಂದ 12 ಮಿಲಿಮೀಟರ್. ಈಗ ಪಟ್ಟಿ ಸಮನಾಗಿ ನಿಂತಿತು, ಆದರೆ ಮಂದವಾಯಿತು. ಒಂದೆರಡು ಹುಣಸೆ ಬೀಜದ ವ್ಯತ್ಯಾಸಕ್ಕೆ ಬೇಕಾದಷ್ಟು ವಾಲುತ್ತಿರಲಿಲ್ಲ.

ಮೂರನೇ ತೂತು 5 ಮಿಲಿಮೀಟರ್ ಮೇಲೆ. ಎರಡು ಬೀಜಕ್ಕೇ ವಾಲಿತು, ಬೀಜ ತೆಗೆದರೆ ಮತ್ತೆ ನಡುವಿಗೆ ಬಂದು ನಿಂತಿತು. ಮಾಡುವವರು ಇಷ್ಟು ನೆನಪಿಟ್ಟುಕೊಳ್ಳಿ. ತುದಿಯ ಎರಡು ತೂತಿಗೂ ಗೆರೆ ಎಳೆಯಿರಿ, ನಡುವಿನ ತೂತು ಆ ಗೆರೆಯಿಂದ 4–5 ಮಿಲಿಮೀಟರ್ ಮೇಲೆ ಇರಲಿ. ನಮ್ಮ ಪಟ್ಟಿಯ ನಡುವೆ ಈಗ ಮೂರು ತೂತು ಇವೆ, ಕೊಳಲಿನ ಹಾಗೆ. ಯಾವ ತೂತಿಗೆ ಹಾಕಿದರೆ ಏನಾಗುತ್ತದೆ ಅಂತ ಬಂದವರಿಗೆಲ್ಲ ತೋರಿಸುವುದು ಮಕ್ಕಳಿಗೆ ಒಂದು ಆಟ.

ನಡುವಿನ ತೂತಿಗೆ ಮೊದಲು ಮೊಳೆ ಹಾಕಿದ್ದೆ. ಮರಕ್ಕೆ ಉಜ್ಜಿ ಸಿಕ್ಕಿಕೊಳ್ಳುತ್ತಿತ್ತು. ಸೈಕಲ್ ಅಂಗಡಿಯಿಂದ 5 ರೂಪಾಯಿಗೆ ಒಂದು ಸ್ಪೋಕ್ ತಂದೆ. ಮುಗಿದ ಪೆನ್ನಿನ ರೀಫಿಲನ್ನು ಒಂದು ಸೆಂಟಿಮೀಟರ್ ಕತ್ತರಿಸಿ ತೂತಿಗೆ ತುರುಕಿ, ಅದರೊಳಗೆ ಸ್ಪೋಕ್ ತೂರಿಸಿದೆ. ಎರಡು ರೀಫಿಲ್ ಬಿಗಿಯಾದವು, ಮೂರನೆಯದರಲ್ಲಿ ಸರಾಗ ತಿರುಗಿತು. ಶಾಯಿ ಚೆನ್ನಾಗಿ ತೊಳೆದಿರಲಿಲ್ಲ, ನನ್ನ ಸೀರೆ ಸೆರಗಿನ ಮೇಲೆ ಗುರುತು ಇನ್ನೂ ಇದೆ.

ಜೂನ್ 23–24: ತಟ್ಟೆ

ಚಿಪ್ಪಿನ ಸಹವಾಸ ಸಾಕು ಅಂತ ಒಂದೇ ಅಳತೆಯ ಎರಡು ಪೇಂಟ್ ಡಬ್ಬಿ ಮುಚ್ಚಳ ತಂದೆ. ಶಾಲೆಗೆ ಬಣ್ಣ ಬಳಿದವರು ಬಿಟ್ಟುಹೋದ ಪ್ಲಾಸ್ಟಿಕ್ ಮುಚ್ಚಳಗಳು.

ಮುಚ್ಚಳದ ಅಂಚಿಗೆ ಸಮ ದೂರದಲ್ಲಿ ಮೂರು ತೂತು ಬೇಕು. ಕೋನಮಾಪಕ ತೆಗೆಯುವ ಮೊದಲೇ ಐದನೇ ತರಗತಿಯ ಹುಡುಗಿ ಕಾಗದದ ಪಟ್ಟಿಯನ್ನು ಮುಚ್ಚಳದ ಸುತ್ತ ಸುತ್ತಿ, ಬಿಚ್ಚಿ, ಮೂರು ಮಡಿಕೆ ಹಾಕಿದಳು. ಮಡಿಕೆ ಇದ್ದ ಕಡೆ ಗುರುತು. ಕಾಯಿಸಿದ ದಬ್ಬಣದಲ್ಲಿ ತೂತು ಮಾಡಿದ್ದು ನಾನು. ಬಿಸಿ ಕೆಲಸ ಮಕ್ಕಳ ಕೈಗೆ ಕೊಡಲಿಲ್ಲ.

ಸೆಣಬಿನ ಹುರಿ ಇಲ್ಲೂ ಕೈ ಕೊಟ್ಟಿತು. ಮಳೆಯ ತಂಪಿಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. 25 ರೂಪಾಯಿಯ ನೈಲಾನ್ ದಾರದ ಉಂಡೆ ತಂದು ಆರು ಎಳೆಯನ್ನು ಒಟ್ಟಿಗೆ ಹಿಡಿದು ಒಂದೇ ಏಟಿಗೆ ಕತ್ತರಿಸಿದೆವು. ಒಂದೊಂದು 35 ಸೆಂಟಿಮೀಟರ್. ನೈಲಾನ್ ಗಂಟು ಜಾರುತ್ತದೆ, ತುದಿಯನ್ನು ಬೆಂಕಿಗೆ ತೋರಿಸಿ ಗುಂಡು ಮಾಡಬೇಕು.

ಇಷ್ಟಾದ ಮೇಲೂ ಬಲಗಡೆ ಚೂರು ಭಾರ. ಈ ಸಲ ನಡುವಿನ ತೂತಿನ ತಂಟೆಗೆ ಹೋಗಲಿಲ್ಲ. ಎಡಗಡೆ ಕೋಲಿಗೆ ಬೈಂಡಿಂಗ್ ತಂತಿಯನ್ನು ಎರಡು ಸುತ್ತು ಸುತ್ತಿದೆವು. ಅದನ್ನು ಆಚೆ ಈಚೆ ಸರಿಸಿದರೆ ಸಮ ಸಿಗುತ್ತದೆ. ಮುಳ್ಳಿಗೆ ಪೊರಕೆ ಕಡ್ಡಿ.

ಡಸ್ಟರ್ ಮತ್ತೆ ತೂಗಿದೆವು. ಈ ಕಡೆ 70 ಬೀಜ. ಉಸಿರು ಬಿಗಿಹಿಡಿದು ಅದಲು ಬದಲು ಮಾಡಿದೆವು. 70. ಚಪ್ಪಾಳೆ ಜೂನ್ 17ರದ್ದಕ್ಕಿಂತ ಜೋರಾಗಿತ್ತು.

ಜೂನ್ 27: ನಾಣ್ಯದ ಮಂಗಾಟ

ತಕ್ಕಡಿ ಆಯಿತು, ತೂಕದ ಬಟ್ಟು ಬೇಡವೇ? ಒಂದು ರೂಪಾಯಿ ನಾಣ್ಯಗಳನ್ನೇ ಬಟ್ಟು ಮಾಡಿಕೊಳ್ಳೋಣ ಅಂತ ಪರ್ಸಿನಿಂದ ಇಪ್ಪತ್ತು ನಾಣ್ಯ ಸುರಿದೆ. ಹತ್ತು ಆ ಕಡೆ, ಹತ್ತು ಈ ಕಡೆ. ಸಮ ಬರಲಿಲ್ಲ.

ತಕ್ಕಡಿ ಮೇಲೆ ಅನುಮಾನ. ಅದಲು ಬದಲು ಮಾಡಿದರು. ಭಾರದ ಗುಂಪು ಆ ಕಡೆ ಹೋದರೂ ಭಾರವೇ. "ತಕ್ಕಡಿದಲ್ಲ ಮಿಸ್, ದುಡ್ಡಿಂದೇ ತಪ್ಪು."

ನಾಣ್ಯಗಳನ್ನು ಸಾಲಾಗಿ ಜೋಡಿಸಿದಾಗ ಕಂಡಿತು. ಒಂದು ರೂಪಾಯಿಯಲ್ಲೇ ಮೂರು ಅಳತೆ. ಹಳೆಯ ದೊಡ್ಡದು 25 ಮಿಲಿಮೀಟರ್ ಅಗಲ, ತೂಕ 4.85 ಗ್ರಾಂ. 2011ರಿಂದ ಬಂದಿದ್ದು 22 ಮಿಲಿಮೀಟರ್, 3.79 ಗ್ರಾಂ. 2019ರ ಸರಣಿಯದು 20 ಮಿಲಿಮೀಟರ್, 3.09 ಗ್ರಾಂ. ಬೆಲೆ ಒಂದೇ, ತೂಕ ಮೂರು. ನಾಣ್ಯದ ಬಟ್ಟು ಮಾಡಿ ಅಂತ ಹೇಳುವವರು ಇದನ್ನು ಹೇಳುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಐದು ರೂಪಾಯಿಯಲ್ಲೂ ಇದೇ ಕಥೆ, ಆದರೆ ಅಲ್ಲಿ ಒಂದು ಅನುಕೂಲ ಸಿಕ್ಕಿತು. ಹಳೆಯ ದಪ್ಪ ಬಿಳಿ ನಾಣ್ಯ 9 ಗ್ರಾಂ. ಆಮೇಲೆ ಬಂದ 23 ಮಿಲಿಮೀಟರ್ ಅಗಲದ ಹಳದಿಯದು ಸರಿಯಾಗಿ 6 ಗ್ರಾಂ. 2019ರ ಸರಣಿಯ ಹಳದಿ ಮಾತ್ರ 25 ಮಿಲಿಮೀಟರ್, 6.74 ಗ್ರಾಂ, ಅದನ್ನು ಬದಿಗಿಟ್ಟೆವು. ಎರಡು ಬಿಳಿ ಒಂದು ಕಡೆ, ಮೂರು ಹಳದಿ ಇನ್ನೊಂದು ಕಡೆ. ಕಡ್ಡಿ ನಡುವಿಗೆ ನಿಂತಿತು. ಹದಿನೆಂಟು, ಹದಿನೆಂಟು.

ಹದಿನೆಂಟು ಅಂದ ಕೂಡಲೇ ನನಗೆ ಹಾಲು ನೆನಪಾಯಿತು. ಕ್ಷೀರ ಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಕಲಸಿದರೆ 150 ಮಿಲಿಲೀಟರ್ ಹಾಲು. ಮರುದಿನ ಬೆಳಗ್ಗೆ ಅಡುಗೆ ಅಕ್ಕನ ಹತ್ತಿರ ಪುಡಿ ಕೇಳಿದೆ. ಮೂರು ಹಳದಿ ನಾಣ್ಯ ಒಂದು ತಟ್ಟೆಗೆ, ಕಾಗದದ ಮೇಲೆ ಪುಡಿ ಇನ್ನೊಂದಕ್ಕೆ. ನಾಣ್ಯದ ಕಡೆಗೂ ಅಷ್ಟೇ ಕಾಗದ ಹಾಕಬೇಕು ಅಂತ ಒಬ್ಬಳು ಜಗಳ ತೆಗೆದಳು. ಸರಿಯೇ. ಆ ಪುಡಿಯನ್ನೇ ಅವಳ ಲೋಟಕ್ಕೆ ಕಲಸಿ ಕೊಟ್ಟೆವು.

ಜುಲೈ 1–9: ಮರಳಿನ ಚೀಲ

ದೊಡ್ಡ ಬಟ್ಟು ಬೇಕಿತ್ತು. ಸೂಜಿ ಇಲ್ಲದ 10 ಮಿಲಿಲೀಟರ್ ಹೊಸ ಸಿರಿಂಜ್ ತಂದೆ, 10 ರೂಪಾಯಿ. ಹತ್ತು ಮಿಲಿಲೀಟರ್ ನೀರು ಹತ್ತು ಗ್ರಾಂ. ಎರಡೂ ತಟ್ಟೆಯಲ್ಲಿ ಒಂದೇ ಥರದ ಖಾಲಿ ಬಾಟಲಿ. ಎಡ ಬಾಟಲಿಗೆ ಹತ್ತು ಸಲ ಸಿರಿಂಜಿನ ನೀರು. ಬಲಗಡೆ ಬಾಟಲಿಯ ಪಕ್ಕ ಬಟ್ಟೆ ಚೀಲ ಇಟ್ಟು, ಸಮ ಆಗುವವರೆಗೆ ಅದಕ್ಕೆ ಮರಳು. ಅದು ನೂರು ಗ್ರಾಂ.

ಇನ್ನೊಂದು ನೂರು ಮಾಡಲು ನೀರು ಬೇಕಿಲ್ಲ, ಮೊದಲ ಚೀಲವೇ ಸಾಕು. ಐವತ್ತು ಹೇಗೆ ಅಂತ ಮಕ್ಕಳನ್ನೇ ಕೇಳಿದೆ. ಎರಡು ದಿನ ಬಿಟ್ಟು ನಾಲ್ಕನೇ ತರಗತಿಯ ಒಬ್ಬ ಬಂದು ಹೇಳಿದ. ನೂರರಷ್ಟು ಮರಳನ್ನು ಎರಡು ತಟ್ಟೆಗೂ ಹಂಚು, ಸಮ ಬಂದರೆ ಒಂದೊಂದು ಐವತ್ತು. ಮನೆಯಲ್ಲಿ ಅವರಮ್ಮ ಹಿಟ್ಟನ್ನು ಎರಡು ಉಂಡೆ ಮಾಡುವುದನ್ನು ನೋಡಿ ಹೊಳೆಯಿತಂತೆ. ಎರಡು ನೂರು, ಒಂದು ಐವತ್ತು ಸೇರಿಸಿ ಇನ್ನೂರೈವತ್ತು. ಎಲ್ಲ ಸೇರಿಸಿ ಐನೂರು.

ಚೀಲ ಹೊಲಿದಿದ್ದು ನಾನು, ಹಳೇ ರವಿಕೆ ಬಟ್ಟೆಯಲ್ಲಿ, ಮೂರು ಸಂಜೆ. ಮೇಲೆ ಅಂಕಿಯನ್ನು ಬಣ್ಣದ ದಾರದಲ್ಲಿ ಕಸೂತಿ ಬೇರೆ ಮಾಡಿದ್ದೆ.

ಜುಲೈ 9ಕ್ಕೆ ಸುಮ್ನೆ ಪರೀಕ್ಷೆಗೆ ಅಂತ 250ರ ಚೀಲವನ್ನು ಮತ್ತೆ ನೀರಿನ ಎದುರು ಇಟ್ಟರೆ ಚೀಲ ಮೇಲೆ ಹೋಯಿತು. ಸಮ ಮಾಡಲು ಎರಡು ಹಳದಿ ನಾಣ್ಯ ಬೇಕಾದವು. ಹನ್ನೆರಡು ಗ್ರಾಂ ಎಲ್ಲಿ ಹೋಯಿತು? ಚೀಲ ಸೋರಿರಲಿಲ್ಲ. ಇಲಿಗೆ ಮರಳು ಬೇಡ.

ಮಳೆಯಲ್ಲಿ ನೆನೆದ ಮರಳನ್ನು ತುಂಬಿದ್ದೆವು. ಅಷ್ಟೂ ದಿನ ಕಿಟಕಿಯ ಮೇಲೆ ಕೂತು ನೀರು ಆರಿಹೋಗಿತ್ತು. ಮುಟ್ಟಿದರೆ ಒದ್ದೆ ಅನ್ನಿಸದ ಮರಳಿನಲ್ಲೂ ಅಷ್ಟು ನೀರು ಇರುತ್ತದೆ. ಕಸೂತಿ ಸಮೇತ ಎಲ್ಲ ಚೀಲವೂ ದಂಡ.

ಜುಲೈ 10–12: ಹುರಿದ ಮರಳು

ಅಡುಗೆ ಮುಗಿದ ಮೇಲೆ ಹಳೇ ಬಾಣಲೆಯಲ್ಲಿ ಮರಳು ಹುರಿದೆವು. "ಮರಳು ಹುರಿಯಾದು ಕಡ್ಲೆಕಾಯಿ ಗಾಡೀಲಿ ನೋಡಿದ್ದೆ ಮಿಸ್, ಇಸ್ಕೂಲಲ್ಲಿ ಇದೇ ಮೊದ್ಲು" ಅಂದರು ಅಡುಗೆ ಅಕ್ಕ. ಹಬೆ ನಿಲ್ಲುವವರೆಗೆ, ಅಂದರೆ ಸುಮಾರು ಇಪ್ಪತ್ತು ನಿಮಿಷ. ಆರಿದ ಮೇಲೆ ಜರಡಿ.

ಬಟ್ಟೆ ಬಿಟ್ಟು ದಪ್ಪ ಪ್ಲಾಸ್ಟಿಕ್ ಕವರ್, 20 ರೂಪಾಯಿ. ಬಾಯಿ ಮುಚ್ಚಲು ಹ್ಯಾಕ್ಸಾ ಬ್ಲೇಡ್ 15, ಮೇಣದ ಬತ್ತಿ 10. ಕವರಿನ ಬಾಯನ್ನು ಬ್ಲೇಡಿನ ಮೇಲೆ ಮಡಚಿ, ಕೂದಲಷ್ಟು ಆಚೆ ಬಿಟ್ಟು, ಆ ಅಂಚನ್ನು ಉರಿಯ ಬದಿಯಲ್ಲಿ ಎಳೆದರೆ ಅಂಟಿಕೊಳ್ಳುತ್ತದೆ. ನಿಧಾನ ಮಾಡಿದರೆ ಸುಟ್ಟು ತೂತು, ಬೇಗ ಎಳೆದರೆ ಅಂಟುವುದಿಲ್ಲ. ಐದು ಕವರ್ ಹಾಳಾದ ಮೇಲೆ ಕೈ ಕೂತಿತು.

ಸರಿ ಇದೆಯಾ ಅಂತ ನೋಡಲು ಊರಿನ ದಿನಸಿ ಅಂಗಡಿಗೆ ಮಕ್ಕಳ ಮೆರವಣಿಗೆ. ನೂರರ ಚೀಲಕ್ಕೆ 0.100 ತೋರಿಸಿತು. ಐನೂರರದಕ್ಕೆ 0.495.

ಆ ತಕ್ಕಡಿ ಐದೈದು ಗ್ರಾಮಿನಲ್ಲಿ ಮಾತ್ರ ಹೇಳುತ್ತದೆ. ನೂರರ ಚೀಲದಲ್ಲಿ ಒಂದು ಗ್ರಾಂ ಕಮ್ಮಿ ಇದ್ದರೂ ಅದಕ್ಕೆ ಕಾಣುವುದಿಲ್ಲ. ಆ ಒಂದೇ ಐದು ಸಲ ಸೇರಿ ಐನೂರರಲ್ಲಿ ಐದಾಗಿ ಹೊರಗೆ ಬಂದಿತ್ತು. ಮೂಲ ಸಿರಿಂಜಿನಲ್ಲಿ. ಪ್ರತಿ ಸಲ ಮೂತಿಯಲ್ಲಿ ಸಣ್ಣ ಗಾಳಿ ಗುಳ್ಳೆ ಇರುತ್ತಿತ್ತು, ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಿರಿಂಜನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆ ಬಿಟ್ಟ ಮೇಲೆ ಅಳೆಯಬೇಕು, ನರ್ಸ್ ಮಾಡುವ ಹಾಗೆ.

ಅಂಗಡಿಯವರು ನಗುತ್ತಾ ಗಲ್ಲಾದ ಕೆಳಗಿನಿಂದ ಹಳೇ ಕಬ್ಬಿಣದ ಬಟ್ಟು ತೆಗೆದರು. ತಿರುಗಿಸಿ ತಳ ತೋರಿಸಿದರು. ಅಲ್ಲಿ ಒಂದು ಗುಳಿ, ಗುಳಿಯೊಳಗೆ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ. ಕಬ್ಬಿಣ ಎರಕ ಹೊಯ್ದಾಗ ತೂಕ ಕರಾರುವಾಕ್ಕಾಗಿ ಬರುವುದಿಲ್ಲ. ಆ ಗುಳಿಯ ಸೀಸದಲ್ಲೇ ಹೆಚ್ಚುಕಮ್ಮಿ ಸರಿ ಮಾಡುತ್ತಾರೆ. ಮಕ್ಕಳು ಬಟ್ಟನ್ನು ಕೈಯಿಂದ ಕೈಗೆ ದಾಟಿಸಿ ಮೂಸಿಯೂ ನೋಡಿದರು. ನಮ್ಮ ಚೀಲವನ್ನೂ ಬಿಚ್ಚಿ ಮರಳು ಸೇರಿಸಿದೆವು. ಆಮೇಲೆ ಸಂತೆ ಹುಡುಗ ಪ್ರತಿ ಚೀಲದ ಮೇಲೂ ಮಾರ್ಕರಿನಲ್ಲಿ ನಮ್ಮ ಶಾಲೆಯ ಮುದ್ರೆ ಬರೆದ.

ಜುಲೈ 15: ನಿನ್ನ ಪಾಲಿನ ಅಕ್ಕಿ

ಇಷ್ಟರಲ್ಲಿ ನನಗೆ ಹೆಚ್ಚು ಇಷ್ಟವಾದ ಚಟುವಟಿಕೆ ಇದು. ಖರ್ಚು ಸೊನ್ನೆ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಮಕ್ಕಳು ದಿನಾ ಉಣ್ಣುತ್ತಾರೆ, ಆದರೆ ತಮ್ಮ ಪಾಲನ್ನು ಯಾವತ್ತೂ ನೋಡಿಲ್ಲ.

ಒಬ್ಬೊಬ್ಬರೂ ತಮ್ಮ ನೂರು ಗ್ರಾಂ ಅಕ್ಕಿ ತೂಗಿ ತಮ್ಮ ತಟ್ಟೆಗೆ ಸುರಿದುಕೊಂಡರು. ತೂಗುವ ಮೊದಲು ಕೈಯಲ್ಲಿ ಅಂದಾಜು. ಮೊದಲಿನವನು ಎರಡು ಬೊಗಸೆ ತೆಗೆದ, ಅರ್ಧಕ್ಕಿಂತ ಜಾಸ್ತಿ ವಾಪಸ್ ಹಾಕಬೇಕಾಯಿತು. ಏಳನೆಯವಳ ಹೊತ್ತಿಗೆ ಅಂದಾಜು ಮೂರು ನಾಲ್ಕು ನಾಣ್ಯದಷ್ಟೇ ತಪ್ಪುತ್ತಿತ್ತು. ಬೇಳೆಗೆ ಮೂರು ಹಳದಿ ನಾಣ್ಯ ಇಟ್ಟು, ಆಮೇಲೆ ಒಂದು ಚಿಟಿಕೆ. "ಇಷ್ಟೇನಾ ಮಿಸ್ ಬೇಳೆ?" ಅಂದಳು ಒಬ್ಬಳು. ಇಷ್ಟೇ ಅಂದೆ.

ಒಬ್ಬಳ ಪಾಲಿನ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಟ್ಟರು ಅಕ್ಕ. ಅನ್ನ ತೂಗಿದರೆ 250ರ ಚೀಲ ಸಾಲದೆ ಮೇಲೆ 50 ಹಾಕಬೇಕಾಯಿತು. ನೂರು ಮುನ್ನೂರು ಆಗಿದ್ದು ಹೇಗೆ ಅಂತ ಊಟದ ಹೊತ್ತೆಲ್ಲ ಚರ್ಚೆ. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಸಾರು ಬಡಿಸುತ್ತಾ ಅಕ್ಕನೇ ಹೇಳಿಬಿಟ್ಟರು. "ನೀರು ಕುಡ್ದೈತೆ ಕಣ್ರೋ."

ತಪ್ಪು ಒಂದು ಮಾಡಿದೆ. ಹನ್ನೊಂದು ಜನಕ್ಕೆ ಒಂದೇ ತಕ್ಕಡಿ. ಒಬ್ಬರು ತೂಗುವಾಗ ಹತ್ತು ಜನ ಖಾಲಿ. ಒಂದೂಕಾಲು ಗಂಟೆ ಹಿಡಿಯಿತು, ಅಡುಗೆ ತಡವಾಯಿತು. ಮೂರು ಜನಕ್ಕೆ ಒಂದು ತಕ್ಕಡಿಯಾದರೂ ಬೇಕು.

ಜುಲೈ 19: ಸಂಭ್ರಮ ಶನಿವಾರ, ಮಕ್ಕಳ ಸಂತೆ

ಮೂರನೇ ಶನಿವಾರ ಬ್ಯಾಗಿಲ್ಲದ ದಿನ. ಸಂತೆ ಹೂಡಿದೆವು. ಬದನೆ, ಹುರುಳಿಕಾಯಿ, ಮೆಣಸಿನಕಾಯಿ, ನಿಂಬೆಹಣ್ಣು ಎಲ್ಲ ಮನೆಯಿಂದ. ಸೊಪ್ಪು ಕಟ್ಟಿನ ಲೆಕ್ಕ, ಹೂವು ಮೊಳದ ಲೆಕ್ಕ, ನಿಂಬೆಹಣ್ಣು ಗುಡ್ಡೆ ಲೆಕ್ಕ. ಎಲ್ಲವನ್ನೂ ತೂಗಿಯೇ ಮಾರಬೇಕು ಅಂತ ನಾನು ಹೇಳಲು ಹೋಗಿದ್ದೆ, ಅಡ್ಡಬಿದ್ದಿದ್ದು ಮಕ್ಕಳೇ. ಸಂತೆಯಲ್ಲಿ ಸೊಪ್ಪು ಯಾರು ತೂಗ್ತಾರೆ ಮಿಸ್?

ಮೊದಲ ಗಿರಾಕಿ ಒಬ್ಬರ ಅಜ್ಜಿ. ಒಂದು ಕೆಜಿ ಬದನೆಕಾಯಿ ಕೇಳಿದರು. ಚೀಲಗಳನ್ನೆಲ್ಲ ಸೇರಿಸಿ ಒಂದು ತಟ್ಟೆಗೆ ಹಾಕಿದ್ದೇ ತಡ, ಮುಚ್ಚಳದ ತೂತು ಕಿತ್ತು ಎಲ್ಲ ನೆಲಕ್ಕೆ. ದಬ್ಬಣದ ತೂತನ್ನು ಅಂಚಿಗೆ ತೀರಾ ಹತ್ತಿರ ಮಾಡಿದ್ದೆ, ಬರೀ 4 ಮಿಲಿಮೀಟರ್. ಸೆಂಟಿಮೀಟರ್ ಆದರೂ ಒಳಗಿರಬೇಕು. ಹತ್ತು ನಿಮಿಷ ಅಂಗಡಿ ಬಂದ್. ಹೊಸ ತೂತು ಮಾಡಿ, ಅರ್ಧ ಕೆಜಿಗಿಂತ ಜಾಸ್ತಿ ಒಂದೇ ಸಲ ತೂಗಬಾರದು ಅಂತ ಕಾನೂನು ಮಾಡಿಕೊಂಡೆವು.

ಆ ಕಾನೂನೇ ಲೆಕ್ಕ ಕಲಿಸಿತು. ಬದನೆ ಕೆಜಿಗೆ ನಲವತ್ತು. ಯಾರೋ ಮುಕ್ಕಾಲು ಕೆಜಿ ಕೇಳಿದರು. ಅಂಗಡಿಯಲ್ಲಿ ಕೂತಿದ್ದವಳು ಬೋರ್ಡಿನ ಮೇಲೆ ಮುಕ್ಕಾಲು ಬರೆಯಲು ಒದ್ದಾಡುವ ಹುಡುಗಿ. ಐನೂರರ ಚೀಲ ಹಾಕಿ ಒಂದು ಸಲ ತೂಗಿ "ಇಪ್ಪತ್ತು" ಅಂದಳು. ಇನ್ನೂರೈವತ್ತು ಹಾಕಿ ಇನ್ನೊಂದು ಸಲ ತೂಗಿ "ಹತ್ತು" ಅಂದಳು. "ಮೂವತ್ತು ಕೊಡಿ." ತಲೆ ಎತ್ತಲೂ ಇಲ್ಲ.

ಅಡಿ ಸ್ಕೇಲಿನ ಆ ಚಿಪ್ಪಿನ ತಕ್ಕಡಿ ಇತ್ತಲ್ಲ, ಅದಕ್ಕೂ ಒಂದು ಅಂಗಡಿ. ಮೆಣಸಿನಕಾಯಿ ಮನೆಯ ಹುಡುಗನದು. ಮೋಸ ಹಿಡಿದವರಿಗೆ ಒಂದು ನಿಂಬೆಹಣ್ಣು ಬಹುಮಾನ. ದೊಡ್ಡವರು ಖಾಲಿ ತಕ್ಕಡಿ ಎತ್ತಿ ನೋಡಿ "ಸರಿಯಾಗೇ ಐತಲ್ಲೋ" ಅಂದರು. ಆರು ಜನ ಸೋತರು. ಏಳನೆಯವರು ಅವನಪ್ಪ. ಬಂದವರೇ ಮಾತಾಡದೆ ತಟ್ಟೆ ಅದಲು ಬದಲು ಮಾಡಿ, ಮಗನ ತಲೆಗೆ ಮೊಟಕಿ, ನಿಂಬೆಹಣ್ಣು ಜೇಬಿಗೆ ಹಾಕಿಕೊಂಡು ಹೋದರು.

ಖರ್ಚು

ಕೆಲಸಕ್ಕೆ ಬಂದಿದ್ದು: ನೈಲಾನ್ ದಾರ 25, ಸಿರಿಂಜ್ 10, ಸ್ಪೋಕ್ 5, ಪ್ಲಾಸ್ಟಿಕ್ ಕವರ್ 20, ಬ್ಲೇಡ್ 15, ಮೇಣದ ಬತ್ತಿ 10. ಒಟ್ಟು 85. ದಂಡ: ಸೆಣಬಿನ ಹುರಿ 20, ಫೆವಿಕ್ವಿಕ್ 10. ಎಲ್ಲ ಸೇರಿ 115. ಮೂರು ಸಂಜೆಯ ಕಸೂತಿಗೆ ಬೆಲೆ ಕಟ್ಟಿಲ್ಲ. ಇನ್ನೆರಡು ತಕ್ಕಡಿಗೆ ದಾರ, ಬ್ಲೇಡ್, ಸಿರಿಂಜ್ ಇದ್ದೇ ಇವೆ. ಎರಡು ಸ್ಪೋಕ್ ತಂದರೆ ಸಾಕು, ಪಟ್ಟಿ ಆಚಾರ್ರು ಕೊಡುತ್ತೇನೆ ಅಂದಿದ್ದಾರೆ.

ಸಿದ್ಧ ಎಲೆಕ್ಟ್ರಾನಿಕ್ ತಕ್ಕಡಿ ತಂದರೆ ಆಗುತ್ತಿರಲಿಲ್ಲವೇ ಅಂತ ನಮ್ಮ ಸಹೋದ್ಯೋಗಿ ಕೇಳಿದರು. ಆಗುತ್ತಿತ್ತು. ಆದರೆ ಅದು ಸುಳ್ಳು ಹೇಳಿದರೆ ಹಿಡಿಯುವುದು ಹೇಗೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ಇದರದ್ದು ಗೊತ್ತು.

ಜುಲೈ 24: ಸದ್ಯದ ಸ್ಥಿತಿ

ಮಳೆಗೆ ಪಟ್ಟಿ ಸ್ವಲ್ಪ ತಿರುಚಿದೆ. ಬೆಳಗ್ಗೆ ಬಂದ ಕೂಡಲೇ ಬೈಂಡಿಂಗ್ ತಂತಿ ಸರಿಸಿ ಸಮ ಮಾಡುವ ಕೆಲಸಕ್ಕೆ ಮಕ್ಕಳೇ ಪಾಳಿ ಹಾಕಿಕೊಂಡಿದ್ದಾರೆ. ವಾರ್ನಿಷ್ ಹೊಡೆಯಬೇಕಿತ್ತು, ಹೊಡೆದಿಲ್ಲ.

ನಿನ್ನೆ ಯಾರೋ 500ರ ಚೀಲವನ್ನು ಹೇಳದೆ ಕೇಳದೆ ಮನೆಗೆ ಒಯ್ದು ಇವತ್ತು ತಂದಿಟ್ಟಿದ್ದಾರೆ. ಮೂಲೆಯಲ್ಲಿ ಸಣ್ಣ ತೂತು. ಕೇಳಿದರೆ ಎಲ್ಲರೂ ಛಾವಣಿ ನೋಡಿದರು. ಬೈಯುವ ಮೊದಲು ಎಷ್ಟು ಸೋರಿದೆ ನೋಡೋಣ ಅಂತ ತೂಗಿದೆವು. ಇನ್ನೂರೈವತ್ತರ ಎರಡು ಚೀಲ ಇಲ್ಲದ್ದಕ್ಕೆ, ಉಳಿದ ಚೀಲಗಳನ್ನೆಲ್ಲ ಎದುರಿಗೆ ಹಾಕಿ ಸೋರಿದ ಚೀಲದ ಕಡೆ ನಾಣ್ಯ ಇಡುತ್ತಾ ಹೋದೆವು. ಒಂದು ಬಿಳಿ, ಎರಡು ಹಳದಿ. ಇಪ್ಪತ್ತೊಂದು ಗ್ರಾಂ.

ಹುರಿದ ಮರಳು ಡಬ್ಬಿಯಲ್ಲಿ ಇನ್ನೂ ಇದೆ. ಮೇಣದ ಬತ್ತಿ ಮುಗಿದಿದೆ, ನಾಳೆ ತರಬೇಕು.